ಟ್ರಿನಿಟಿಯೋ, ಇನ್ನೊಂದೋ? ಕೇಂಬ್ರಿಜ್‌ನಲ್ಲಿ ಕಾಲೇಜು ಆರಿಸುವ ಫಜೀತಿ

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಐಎಸ್‌ಸಿ 12ನೇ ತರಗತಿ ಓದುತ್ತಿದ್ದಾಳೆ. ಗಣಿತ ಎಂದರೆ ಪ್ರಾಣ. ಕೇಂಬ್ರಿಜ್‌ಗೆ ಅರ್ಜಿ ಹಾಕಿಯೇ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅರ್ಜಿಯಲ್ಲಿ ಕಾಲೇಜಿನ ಹೆಸರೂ ಬರೆಯಬೇಕಂತೆ. ಅವಳಿಗೆ ಟ್ರಿನಿಟಿ ಬೇಕು. ಅಲ್ಲಿ ಪೈಪೋಟಿ ಜಾಸ್ತಿ, ಸುಲಭವಾಗಿ ಸಿಗುವ ಕಾಲೇಜು ಹುಡುಕಿ ಹಾಕೋಣ ಅನ್ನುತ್ತಾರೆ ನಮ್ಮ ಯಜಮಾನರು. ಹಿಂದಿನ ವರ್ಷಗಳ ಅಂಕಿಅಂಶ ತೆಗೆದು ಎಕ್ಸೆಲ್ ಶೀಟನ್ನೇ ಮಾಡಿಟ್ಟಿದ್ದಾರೆ. ಲಂಡನ್ನಿನಲ್ಲಿರುವ ಮೈದುನ, ಕಾಲೇಜಿನ ಹೆಸರೇ ಬರೆಯಬೇಡಿ, ಓಪನ್ ಅಪ್ಲಿಕೇಶನ್ ಹಾಕಿ ಅನ್ನುತ್ತಾನೆ. ಹಾಗೆ ಮಾಡಿದರೆ ಯಾರಿಗೂ ಬೇಡದ ಕಾಲೇಜು ಗಂಟುಬೀಳುವುದಿಲ್ಲವೆ? ಹುಡುಗಿಯರದೇ ಕಾಲೇಜೂ ಇದೆಯಂತೆ, ಅದು ಹೇಗೆ? ನಾವು ಸಸ್ಯಾಹಾರಿಗಳು. ಕುಕ್ಕರ್ ಇಟ್ಟುಕೊಳ್ಳಲು ಬಿಡುತ್ತಾರೆಯೆ?
– ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಯಜಮಾನರ ಎಕ್ಸೆಲ್ ಶೀಟಿನಿಂದಲೇ ಶುರು ಮಾಡುತ್ತೇನೆ. ಅಂಥದ್ದೊಂದನ್ನು ನಾನೂ ಮಾಡಿದ್ದೆ, ಈ ಸಲಹೆ ಹೇಳುವ ಕೆಲಸಕ್ಕೆ ಇಳಿದ ಹೊಸತರಲ್ಲಿ, ದೂರದ ಸಂಬಂಧಿಯೊಬ್ಬರ ಮಗನಿಗೆಂದು. ಯಾವ ಕಾಲೇಜಿಗೆ ಯಾವ ವಿಷಯಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟು ಜನಕ್ಕೆ ಆಫರ್ ಸಿಕ್ಕಿತು ಎಂಬುದನ್ನು ಕೇಂಬ್ರಿಜ್‌ನವರೇ ಪ್ರಕಟಿಸುತ್ತಾರೆ. ಭಾಗಾಕಾರ ಮಾಡಿ, ಪೈಪೋಟಿ ಕಡಿಮೆ ಇದ್ದ ಕಾಲೇಜಿಗೆ ಹಸಿರು, ಮಧ್ಯಮಕ್ಕೆ ಹಳದಿ, ಉಳಿದದ್ದಕ್ಕೆ ಕೆಂಪು ಬಳಿದೆ. ಹುಡುಗ ಅಚ್ಚ ಹಸಿರಿನ ಕಾಲೇಜಿಗೆ ಅರ್ಜಿ ಹಾಕಿದ. ಮುಂದಿನ ಸಲದ ಪಟ್ಟಿ ಬಂದಾಗ ನೋಡಿದರೆ, ಆ ವರ್ಷ ಆ ಕಾಲೇಜಿಗೆ ಅರ್ಜಿಗಳು ಹೆಚ್ಚುಕಮ್ಮಿ ದುಪ್ಪಟ್ಟಾಗಿದ್ದವು. ಹಸಿರು ಬಳಿಯುವವನು ನಾನೊಬ್ಬನೇ ಅಂದುಕೊಂಡಿದ್ದೆ! ಹುಡುಗನಿಗೆ ಸೀಟೇನೋ ಸಿಕ್ಕಿತು. ಆದರೆ ಅಲ್ಲಲ್ಲ, ನನ್ನ ಶೀಟಿನಲ್ಲಿ ಕೆಂಪಾಗಿದ್ದ ಇನ್ನೊಂದು ಕಾಲೇಜಿನಲ್ಲಿ. ಅರ್ಜಿಯನ್ನೇ ಹಾಕದ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಹೇಗೆ ಅನ್ನುವುದು ತಿಳಿದರೆ ನಿಮ್ಮ ಅರ್ಧ ಚಿಂತೆ ಕಳೆಯುತ್ತದೆ.

ಕೇಂಬ್ರಿಜ್‌ನಲ್ಲಿ 31 ಕಾಲೇಜುಗಳಿವೆ. ಎರಡು ಸ್ನಾತಕೋತ್ತರದವರಿಗೆ ಮಾತ್ರ, ಮೂರು 21 ವರ್ಷ ದಾಟಿದವರಿಗೆ. ನಿಮ್ಮ ಮಗಳ ಮುಂದೆ ಉಳಿಯುವುದು 26. ಅಕ್ಟೋಬರ್ 15ರೊಳಗೆ ಯುಕಾಸ್ (ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿಯಲ್ಲಿ ಒಂದು ಕಾಲೇಜು ಬರೆಯಬೇಕು, ಇಲ್ಲವೇ ಓಪನ್ ಹಾಕಬೇಕು. ಡಿಸೆಂಬರ್‌ನಲ್ಲಿ ಸಂದರ್ಶನ. ಅದಾದ ಮೇಲೆ, ಈ ಹುಡುಗಿ ಚೆನ್ನಾಗಿದ್ದಾಳೆ, ಆದರೆ ನಮ್ಮಲ್ಲಿ ಜಾಗ ಸಾಲದು ಅನ್ನಿಸಿದವರ ಕಡತಗಳನ್ನು ಕಾಲೇಜುಗಳು ಒಂದೆಡೆ ಸೇರಿಸುತ್ತವೆ. ಅದಕ್ಕೆ ವಿಂಟರ್ ಪೂಲ್ ಅನ್ನುತ್ತಾರೆ. ಜನವರಿಯ ಮೊದಲ ವಾರಗಳಲ್ಲಿ ಬೇರೆ ಕಾಲೇಜಿನ ಅಧ್ಯಾಪಕರು ಆ ಕಡತಗಳನ್ನು ಓದುತ್ತಾರೆ. ತಮ್ಮಲ್ಲಿ ಬಂದವರಿಗಿಂತ ಇವರು ಮೇಲು ಅನ್ನಿಸಿದರೆ ಎತ್ತಿಕೊಳ್ಳುತ್ತಾರೆ. ಕೆಲವೊಮ್ಮೆ ಇನ್ನೊಂದು ಸಂದರ್ಶನ ಮಾಡುವುದೂ ಉಂಟು. ಪ್ರತಿ ವರ್ಷ ಕೊಡುವ ಆಫರ್‌ಗಳಲ್ಲಿ ಸುಮಾರು ಐದರಲ್ಲೊಂದು ಹೀಗೆ ಪೂಲ್‌ನಿಂದ ಹೋಗುತ್ತದೆ. ಪೈಪೋಟಿ ಹೆಚ್ಚಿರುವ ಕಾಲೇಜಿನ ಒಳ್ಳೆಯ ಅಭ್ಯರ್ಥಿ, ಕಡಿಮೆ ಇರುವ ಕಾಲೇಜಿನ ಸಾಧಾರಣ ಅಭ್ಯರ್ಥಿಯನ್ನು ಹಿಂದೆ ಹಾಕಲಿ ಎಂದೇ ಇರುವ ಏರ್ಪಾಡು ಇದು. ಹಸಿರು ಕಾಲೇಜು ಹುಡುಕಿ ಒಳದಾರಿ ಹಿಡಿದವರಿಗೆ ಆ ದಾರಿಯ ಕೊನೆಯಲ್ಲಿ ಟ್ರಿನಿಟಿಗೆ ಅರ್ಜಿ ಹಾಕಿದವರೇ ಎದುರಾಗುತ್ತಾರೆ.

ಇನ್ನೂ ಒಂದು ಮಾತು. ಟ್ರಿನಿಟಿಯಂಥದ್ದನ್ನು ಬಿಟ್ಟರೆ, ಒಂದು ಕಾಲೇಜಿಗೆ ಗಣಿತಕ್ಕೆ ಸಾಮಾನ್ಯವಾಗಿ ಬರುವುದು ಕೆಲವು ಡಜನ್ ಅರ್ಜಿ, ಸೇರುವುದು ಏಳೆಂಟು ಜನ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಬ್ಬಿಬ್ಬರು ಅತ್ತಿತ್ತ ಆದರೂ ಶೇಕಡಾವಾರು ಕುಣಿದಾಡುತ್ತದೆ. ಅಂಚಿನಲ್ಲಿ ನಿಂತವರಿಗೆ ಅದೃಷ್ಟದ ಪಾಲು ಸ್ವಲ್ಪ ಇದ್ದೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಅದೃಷ್ಟ ಈ ವರ್ಷ ಯಾವ ಗೇಟಿನಲ್ಲಿ ನಿಂತಿರುತ್ತದೆ ಅನ್ನುವುದು ಯಾವ ಎಕ್ಸೆಲ್‌ಗೂ ತಿಳಿಯದು.

ನಿಮ್ಮ ಯಜಮಾನರದ್ದು ತಪ್ಪಲ್ಲ. ನಮಗೆಲ್ಲ ಸಿಇಟಿ ಆಪ್ಷನ್ ಎಂಟ್ರಿಯ ಅಭ್ಯಾಸ. ಹೋದ ವರ್ಷದ ಕಟಾಫ್ ನೋಡು, ರ‍್ಯಾಂಕಿಗೆ ಹೊಂದಿಸು, ಕಾಲೇಜುಗಳನ್ನು ಮೇಲಿಂದ ಕೆಳಕ್ಕೆ ಜೋಡಿಸು, ಮಾಕ್ ಅಲಾಟ್‌ಮೆಂಟ್ ಬಂದ ರಾತ್ರಿ ಮತ್ತೆ ಅದಲುಬದಲು ಮಾಡು. ನಮ್ಮಲ್ಲಿ ಅದು ಸರಿಯೇ. ವಿಟಿಯು ಪದವಿ ಪತ್ರ ಎಲ್ಲರಿಗೂ ಒಂದೇ ಆದರೂ, ಪಾಠ ಮಾಡುವವರು, ಲ್ಯಾಬು, ಪ್ಲೇಸ್‌ಮೆಂಟು ಎಲ್ಲ ಕಾಲೇಜಿನದೇ. ಕಂಪನಿಯವರು ಕೇಳುವುದೂ ಕಾಲೇಜಿನ ಹೆಸರನ್ನೇ. ಕೇಂಬ್ರಿಜ್‌ನಲ್ಲಿ ಉಪನ್ಯಾಸ ಕೊಡುವುದು ವಿಶ್ವವಿದ್ಯಾಲಯದ ಗಣಿತ ವಿಭಾಗ. 26 ಕಾಲೇಜಿನವರೂ ಒಂದೇ ಹಾಲ್‌ನಲ್ಲಿ ಕೂತು ಒಂದೇ ಪಾಠ ಕೇಳುತ್ತಾರೆ, ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ, ತಿದ್ದುವುದೂ ವಿಭಾಗವೇ. ಕೆಲಸ ಕೊಡುವವರು ಕೇಂಬ್ರಿಜ್ ಅನ್ನುವಲ್ಲಿಗೇ ನಿಲ್ಲುತ್ತಾರೆ.

ಹಾಗಾದರೆ ಕಾಲೇಜಿನ ಕೆಲಸವೇನು? ಇರಲು ಕೋಣೆ, ಊಟದ ಹಾಲ್, ಲೈಬ್ರರಿ, ಕಷ್ಟಸುಖ ಕೇಳುವ ಟ್ಯೂಟರ್. ಇವಕ್ಕಿಂತ ಮುಖ್ಯವಾದದ್ದು ಸೂಪರ್ವಿಷನ್. ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತೇನೆ, ನಿಮ್ಮ ಮಗಳಿಗೆ ಓದಿ ಹೇಳಿ. ಪ್ರತಿ ವಿಷಯಕ್ಕೂ ಎಕ್ಸಾಂಪಲ್ ಶೀಟ್ ಅಂತ ಹತ್ತು ಹನ್ನೆರಡು ಲೆಕ್ಕಗಳ ಹಾಳೆ ಕೊಡುತ್ತಾರೆ. ಒಂದೊಂದು ಲೆಕ್ಕ ಒಂದು ಸಂಜೆಯನ್ನೇ ನುಂಗಬಹುದು. ಮಾಡಿದಷ್ಟನ್ನು ಮುಂಚಿತವಾಗಿ ಒಪ್ಪಿಸಬೇಕು. ಆಮೇಲೆ ಒಂದು ಸಣ್ಣ ಕೋಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಸೂಪರ್ವೈಸರ್, ಒಂದು ಗಂಟೆ. ನಿಮ್ಮ ಹಾಳೆ ಮೇಜಿನ ಮೇಲಿರುತ್ತದೆ, ಅದರ ಮೇಲೆ ಕೆಂಪು ಗೀಟು. ‘ಇಲ್ಲಿಂದ ಇಲ್ಲಿಗೆ ಹೇಗೆ ಬಂದೆ?’ ಅಂತ ಅವರು ಕೇಳಿದಾಗ ಹಿಂದಿನ ಬೆಂಚಿಗೆ ಜಾರಿಕೊಳ್ಳೋಣ ಎಂದರೆ ಹಿಂದಿನ ಬೆಂಚೇ ಇರುವುದಿಲ್ಲ. ಪಕ್ಕದಲ್ಲಿ ಕೂತ ಜೊತೆಗಾರ ಯಾರು ಅನ್ನುವುದು ಆಗ ಬಹಳ ಮುಖ್ಯವಾಗುತ್ತದೆ. ಈ ಸೂಪರ್ವಿಷನ್‌ಗಳನ್ನು ಏರ್ಪಡಿಸುವವರು ಕಾಲೇಜಿನ ಡೈರೆಕ್ಟರ್ ಆಫ್ ಸ್ಟಡೀಸ್. ಸೂಪರ್ವೈಸರ್ ಮಾತ್ರ ಅದೇ ಕಾಲೇಜಿನವರೇ ಆಗಬೇಕಿಲ್ಲ. ಮೂರನೇ ವರ್ಷಕ್ಕೆ ಬಂದಾಗಲಂತೂ ಊರೆಲ್ಲ ಸೈಕಲ್ ತುಳಿಯುತ್ತಾ ಬೇರೆ ಬೇರೆ ಕಾಲೇಜಿನ ಮೆಟ್ಟಿಲು ಹತ್ತುವುದು ಮಾಮೂಲು.

ಈಗ ಟ್ರಿನಿಟಿ. 1546ರಲ್ಲಿ ಎಂಟನೇ ಹೆನ್ರಿ ಕಟ್ಟಿದ್ದು, ನ್ಯೂಟನ್ ಇದ್ದದ್ದು, 1914ರಲ್ಲಿ ರಾಮಾನುಜನ್ ಹೋದದ್ದು. ಹುಡುಗಿ ಮನಸೋತಿದ್ದರೆ ಆಶ್ಚರ್ಯವಿಲ್ಲ. ಕೇಂಬ್ರಿಜ್‌ನಲ್ಲಿ ಅತಿ ಶ್ರೀಮಂತ ಕಾಲೇಜೂ ಅದೇ. ವರ್ಷಕ್ಕೆ ಸುಮಾರು 40 ಗಣಿತ ವಿದ್ಯಾರ್ಥಿಗಳು ಅದೊಂದರಲ್ಲೇ ಸೇರುತ್ತಾರೆ, ಅದರಲ್ಲಿ ಅಂತರರಾಷ್ಟ್ರೀಯ ಒಲಿಂಪಿಯಾಡ್ ಪದಕದವರೂ ಇರುತ್ತಾರೆ. ಪೈಪೋಟಿ ಅನ್ನುವ ಒಂದೇ ಕಾರಣಕ್ಕೆ ಅದನ್ನು ಬಿಡಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಸ್ವಲ್ಪದರಲ್ಲಿ ತಪ್ಪಿದವರನ್ನು ಎತ್ತಿಕೊಳ್ಳಲು ಪೂಲ್ ಇದೆ. ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಊಟದ ಮೇಜಿನಲ್ಲೂ ನಂಬರ್ ಥಿಯರಿ ಮಾತಾಡುವ 40 ಜನರ ನಡುವೆ ಅವಳು ಅರಳುವಳೋ, ಮುದುಡುವಳೋ? ಶಾಲೆಯಲ್ಲಿ ಸದಾ ಮೊದಲಿಗಳಾಗಿದ್ದವಳು ಮೊದಲ ಟರ್ಮಿನಲ್ಲೇ ಮೂವತ್ತನೆಯವಳಾದರೆ ಹೇಗೆ ತಾಳಿಕೊಳ್ಳುತ್ತಾಳೆ? ಸಣ್ಣ ಕಾಲೇಜಿನಲ್ಲಿ ಗಣಿತಕ್ಕೆ ಐದಾರು ಜನ ಇರುತ್ತಾರೆ, ಪಕ್ಕದ ಕೋಣೆಯಲ್ಲಿ ಇತಿಹಾಸದವಳು, ಎದುರಿಗೆ ಮೆಡಿಕಲ್‌ನವನು. ಕೆಲವರಿಗೆ ಅದೇ ಉಸಿರಾಡಲು ಜಾಗ. ಇನ್ನು ಕೆಲವರಿಗೆ, ಆ ಐವರಲ್ಲಿ ತನ್ನ ವೇಗದವರು ಯಾರೂ ಇಲ್ಲವಲ್ಲ ಎಂಬ ಕೊರಗು. ಎರಡನ್ನೂ ನೋಡಿದ್ದೇನೆ. ಇದಕ್ಕೆ ಉತ್ತರ ಗೊತ್ತಿರುವುದು ಮಗಳಿಗೆ, ಸ್ವಲ್ಪ ಮಟ್ಟಿಗೆ ನಿಮಗೆ. ನಿಮ್ಮ ಮೈದುನನಿಗಲ್ಲ, ನನಗೂ ಅಲ್ಲ.

ಟಾಂಪ್‌ಕಿನ್ಸ್ ಟೇಬಲ್ ಅಂತ ಒಂದು ಅನಧಿಕೃತ ಪಟ್ಟಿ ಇದೆ, ಪರೀಕ್ಷೆಯ ಫಲಿತಾಂಶ ನೋಡಿ ಕಾಲೇಜುಗಳಿಗೆ ರ‍್ಯಾಂಕ್ ಕೊಡುವುದು. ಟ್ರಿನಿಟಿ ಮತ್ತೆ ಮತ್ತೆ ಅದರ ತುದಿಯಲ್ಲಿ ಕಾಣುತ್ತದೆ. ಬಂದವರೇ ಹುಲಿಗಳಾದಾಗ ಫಲಿತಾಂಶ ಇನ್ನೇನಾಗಬೇಕು? ಬೇರೆ ಕಾಲೇಜಿಂದ ರ‍್ಯಾಂಗ್ಲರ್ ಆಗುವುದಿಲ್ಲ ಅಂತ ಅದರರ್ಥವಲ್ಲ. ಗಣಿತದ ಅಂತಿಮ ವರ್ಷದಲ್ಲಿ ಮೊದಲ ದರ್ಜೆ ಬಂದವರಿಗೆ ರ‍್ಯಾಂಗ್ಲರ್ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಈ ಪದ ಹಳೆಯ ತಲೆಮಾರಿಗೆ ಚೆನ್ನಾಗಿ ಗೊತ್ತು. ಗೋಕಾಕ ತಾಲ್ಲೂಕಿನ ಮಮದಾಪುರದಿಂದ ಹೋದ ಡಿ.ಸಿ. ಪಾವಟೆಯವರು ರ‍್ಯಾಂಗ್ಲರ್ ಆಗಿಯೇ ಮರಳಿದರು. ಮುಂದೆ 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿ ನಿಲ್ಲಿಸಿದರು. ಅವರು ಓದಿದ್ದು ಟ್ರಿನಿಟಿಯಲ್ಲಲ್ಲ, ಅಲ್ಲಿಂದ ಕೂಗಳತೆಯ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ. ಆ ಕಾಲೇಜಿನ ಗೇಟಿಗೆ ಎದುರಾಗಿಯೇ ಈಗ ಸೇನ್ಸ್‌ಬರಿ ಅಂಗಡಿ ಇದೆ. ಹಾಲು, ಮೊಸರು, ತರಕಾರಿಗೆ ಅದಕ್ಕಿಂತ ಹತ್ತಿರದ ಕಾಲೇಜು ಇನ್ನೊಂದಿಲ್ಲ. ಇದೂ ಒಂದು ಮಾನದಂಡವೇ, ನಗಬೇಡಿ.

ಓಪನ್ ಅಪ್ಲಿಕೇಶನ್ ಬಗ್ಗೆ ನಿಮ್ಮ ಭಯ ಸುಳ್ಳು. ಅರ್ಜಿಯ ಕ್ಯಾಂಪಸ್ ಕೋಡ್ ಜಾಗದಲ್ಲಿ 9 ಅಂತ ಹಾಕಿದರೆ, ಆ ವರ್ಷ ಆ ವಿಷಯಕ್ಕೆ ಅರ್ಜಿ ಕಡಿಮೆ ಬಂದಿರುವ ಕಾಲೇಜಿಗೆ ಕಂಪ್ಯೂಟರ್ ಹಂಚುತ್ತದೆ. ಅಲ್ಲಿಂದ ಮುಂದೆ, ಆ ಕಾಲೇಜನ್ನೇ ಕೇಳಿ ಬಂದವರಿಗೂ ಇವಳಿಗೂ ಯಾವ ಭೇದವೂ ಇಲ್ಲ. ‘ಯಾರಿಗೂ ಬೇಡದ’ ಅಂತಲ್ಲ. ಈ ವರ್ಷ ಅರ್ಜಿ ಕಡಿಮೆ ಬಂದಿದೆ ಅಷ್ಟೆ, ಮುಂದಿನ ವರ್ಷ ಅದಕ್ಕೇ ನೂಕುನುಗ್ಗಲು ಇರಬಹುದು. ಆದರೆ ಹಂಚಿದ್ದನ್ನು ಬೇಡ ಅನ್ನುವಂತಿಲ್ಲ. ಅದಕ್ಕೇ ನನ್ನ ನಿಯಮ ಇಷ್ಟು: ಎಲ್ಲಿ ಹಾಕಿದರೂ ಸರಿ ಅನ್ನುವವರಿಗೆ ಓಪನ್ ಸರಿ. ಮನಸ್ಸಿನಲ್ಲಿ ಒಂದು ‘ಆದರೆ’ ಇದ್ದವರು ಹೆಸರು ಬರೆಯಬೇಕು. ನಿಮ್ಮ ಪತ್ರದಲ್ಲಿ ಎರಡು ಮೂರು ‘ಆದರೆ’ ಇವೆ.

ಮೊದಲನೆಯದು ದುಡ್ಡು. ನೀವು ಅದನ್ನು ಬರೆದಿಲ್ಲ, ಆದರೆ ಮನೆಯಲ್ಲಿ ಮಾತಾಡಿಯೇ ಇರುತ್ತೀರಿ. ವಿಶ್ವವಿದ್ಯಾಲಯದ ಬೋಧನಾ ಶುಲ್ಕ ಯಾವ ಕಾಲೇಜಿಗೆ ಹೋದರೂ ಒಂದೇ. ಆದರೆ ಹೊರದೇಶದವರು ಕೇಂಬ್ರಿಜ್‌ನಲ್ಲಿ ಕಾಲೇಜು ಶುಲ್ಕ ಅಂತ ಬೇರೆಯಾಗಿ ಕಟ್ಟಬೇಕು. ವರ್ಷಕ್ಕೆ 10,000 ಪೌಂಡಿನ ಆಸುಪಾಸು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಇದು ಕಾಲೇಜಿಂದ ಕಾಲೇಜಿಗೆ ಬದಲಾಗುತ್ತದೆ. ಕೋಣೆಯ ಬಾಡಿಗೆಯಲ್ಲಿ ಇನ್ನೂ ಹೆಚ್ಚು ವ್ಯತ್ಯಾಸ. ಕೆಲವು ಕಾಲೇಜಲ್ಲಿ ನೀವು ಮೆಸ್ಸಿನಲ್ಲಿ ಉಣ್ಣಲಿ ಬಿಡಲಿ, ಕಿಚನ್ ಫಿಕ್ಸ್ಡ್ ಚಾರ್ಜ್ ಅಂತ ಪ್ರತಿ ಟರ್ಮೂ ಬಿಲ್ಲಿಗೆ ಸೇರಿಸುತ್ತಾರೆ. ಮನೆಯಡುಗೆಯನ್ನೇ ನಂಬಿದ ಹುಡುಗಿಗೆ ಅದು ದಂಡ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಲಕ್ಷಗಳ ಅಂತರ ಬರುತ್ತದೆ. ಯಜಮಾನರಿಗೆ ಎಕ್ಸೆಲ್ ಮೇಲೆ ಪ್ರೀತಿಯಿದ್ದರೆ ಈ ಅಂಕಣಗಳನ್ನು ತುಂಬಿಸಲಿ. ಬಣ್ಣ ಬಳಿಯಲು ಇದು ಯೋಗ್ಯ ಜಾಗ.

ಎರಡನೆಯದು ರಜೆ. ಇದನ್ನು ಇಂಗ್ಲೆಂಡಿನ ಮಕ್ಕಳು ಯೋಚಿಸುವುದೇ ಇಲ್ಲ, ನಮ್ಮವರು ಹೋದ ಮೇಲೆ ಪರದಾಡುತ್ತಾರೆ. ಕೇಂಬ್ರಿಜ್ ಟರ್ಮ್ ಎಂಟು ವಾರ ಮಾತ್ರ, ವರ್ಷಕ್ಕೆ ಮೂರು. ಡಿಸೆಂಬರ್ ಮೊದಲ ವಾರದಿಂದ ಜನವರಿ ಮಧ್ಯದವರೆಗೆ ರಜೆ, ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಮತ್ತೆ ರಜೆ. ಕೆಲವು ಕಾಲೇಜುಗಳಲ್ಲಿ ಟರ್ಮ್ ಮುಗಿದ ಮಾರನೇ ದಿನ ಕೋಣೆ ಖಾಲಿ ಮಾಡಬೇಕು. ಕಾನ್ಫರೆನ್ಸ್‌ಗಳಿಗೆ ಬಾಡಿಗೆ ಕೊಡುತ್ತಾರೆ, ಅವರ ಆದಾಯ ಅದು. ಅಪ್ಪ ಕಾರಿನಲ್ಲಿ ಬಂದು ಸಾಮಾನು ತುಂಬಿಕೊಂಡು ಹೋಗುವ ಮಕ್ಕಳಿಗೆ ತೊಂದರೆಯಿಲ್ಲ. ನಿಮ್ಮ ಮಗಳ ಹಾಸಿಗೆ, ಪಾತ್ರೆ, ಪುಸ್ತಕ ಎಲ್ಲಿಡಬೇಕು? ಪರೀಕ್ಷೆ ಇರುವುದು ಮೇ, ಜೂನ್‌ನಲ್ಲಿ. ಏಪ್ರಿಲ್‌ನಲ್ಲಿ ಅಲ್ಲೇ ಇದ್ದು ಓದುತ್ತೇನೆ ಅಂದರೆ ಇರಲು ಬಿಡುತ್ತಾರೆಯೆ, ಬಾಡಿಗೆ ಎಷ್ಟು? ಕಾಲೇಜಿನ ಅಡ್ಮಿಷನ್ಸ್ ಆಫೀಸಿಗೆ ಮಗಳಿಂದಲೇ ಇಮೇಲ್ ಬರೆಸಿ. ಉತ್ತರ ಕೊಡುತ್ತಾರೆ. ಕೇಳಿದ್ದಕ್ಕೆ ಅರ್ಜಿಗೇನೂ ಕೆಡುಕಾಗುವುದಿಲ್ಲ.

ದೂರದ ವಿಷಯಕ್ಕೆ ಬಹಳ ತಲೆಕೆಡಿಸಿಕೊಳ್ಳಬೇಡಿ. ಕೇಂಬ್ರಿಜ್ ಇಡೀ ಊರು ಸೈಕಲ್ ಮೇಲೇ ನಡೆಯುವುದು. ಗಣಿತ ವಿಭಾಗದ ಹೊಸ ಕಟ್ಟಡಕ್ಕೆ ಹತ್ತಿರ ಅಂತ ಚರ್ಚಿಲ್, ಫಿಟ್ಸ್‌ವಿಲಿಯಂ, ಮರ‍್ರೆ ಎಡ್ವರ್ಡ್ಸ್ ಆರಿಸುವವರಿದ್ದಾರೆ, ಆದರೆ ಮೊದಲೆರಡು ವರ್ಷದ ಉಪನ್ಯಾಸ ಬಹುತೇಕ ಊರ ನಡುವೆಯೇ ನಡೆಯುವುದರಿಂದ ಆ ಲೆಕ್ಕ ಅಷ್ಟು ಕೂಡಿಬರುವುದಿಲ್ಲ. ಗರ್ಟನ್ ಒಂದೇ ನಿಜವಾಗಿಯೂ ದೂರ, ಸುಮಾರು ಎರಡೂವರೆ ಮೈಲಿ. ಡಿಸೆಂಬರ್ ಸಂಜೆ ನಾಲ್ಕಕ್ಕೆ ಕತ್ತಲಾಗಿ, ಎದುರುಗಾಳಿಯಲ್ಲಿ ಹಂಟಿಂಗ್‌ಡನ್ ರಸ್ತೆ ಹತ್ತುವಾಗ ಅದು ಐದು ಮೈಲಿ ಅನ್ನಿಸುತ್ತದೆ. ಆದರೂ ಅಲ್ಲಿದ್ದವರು ಅದನ್ನು ಬಿಟ್ಟುಕೊಡುವುದಿಲ್ಲ, ನಮ್ಮ ಕಾಲೇಜೇ ಕಾಲೇಜು ಅನ್ನುತ್ತಾರೆ. ಪೂಲ್‌ನಿಂದ ಹೋದವರೂ ಹಾಗೇ ಅನ್ನುತ್ತಾರೆ, ಒಂದು ತಿಂಗಳು ಕಳೆದ ಮೇಲೆ.

ಹುಡುಗಿಯರ ಕಾಲೇಜು ಎರಡಿವೆ: 1871ರ ನ್ಯೂನಮ್, 1954ರಲ್ಲಿ ನ್ಯೂ ಹಾಲ್ ಅಂತ ಶುರುವಾದ ಮರ‍್ರೆ ಎಡ್ವರ್ಡ್ಸ್. ಇವನ್ನು ನಮ್ಮ ಲೇಡೀಸ್ ಹಾಸ್ಟೆಲ್ ಅಂದುಕೊಂಡು ಆರಿಸಬೇಡಿ. ರಾತ್ರಿ ಎಂಟಕ್ಕೆ ಗೇಟು ಹಾಕಿ ಹಾಜರಿ ತೆಗೆದುಕೊಳ್ಳುವ ವಾರ್ಡನ್ ಅಲ್ಲಿಲ್ಲ. ಗಂಡುಮಕ್ಕಳು ಬಂದುಹೋಗುತ್ತಾರೆ, ಪಾಠ, ಸಂಘ, ಆಟ ಎಲ್ಲ ಇಡೀ ವಿಶ್ವವಿದ್ಯಾಲಯದ ಜೊತೆಗೇ. ಸುರಕ್ಷತೆಗೆ ಅಂತ ಆರಿಸಿದರೆ ನಿಮಗೆ ನಿರಾಸೆ, ಅವಳಿಗೆ ಮುಜುಗರ. ಆದರೆ ಗಣಿತದಂಥ ಹುಡುಗರೇ ತುಂಬಿರುವ ವಿಷಯದಲ್ಲಿ, ಸಂಜೆ ಮರಳಿ ಬಂದಾಗ ಸುತ್ತ ಹುಡುಗಿಯರೇ ಇರುವ ಮನೆ ಇರಲಿ ಅಂತ ಅವಳಿಗೇ ಅನ್ನಿಸಿದರೆ, ಅದು ಒಳ್ಳೆಯ ಕಾರಣ.

ಅರ್ಜಿ ತುಂಬುವಾಗ ಒಂದು ಎಚ್ಚರ: ಟ್ರಿನಿಟಿ ಬೇರೆ, ಟ್ರಿನಿಟಿ ಹಾಲ್ ಬೇರೆ, ಪಕ್ಕಪಕ್ಕದಲ್ಲಿರುವ ಎರಡು ಕಾಲೇಜು. ಕೋಡ್ ತಪ್ಪಿ ಒತ್ತಬೇಡಿ. ಹಾಗೆಯೇ ಅದೇ ವರ್ಷ ಆಕ್ಸ್‌ಫರ್ಡ್‌ಗೂ ಹಾಕೋಣ ಅನ್ನುವಂತಿಲ್ಲ, ಎರಡರಲ್ಲಿ ಒಂದೇ. ಅಲ್ಲೂ ಇದೇ ಕಥೆ: ಅಭ್ಯರ್ಥಿಗಳನ್ನು ಕಾಲೇಜುಗಳ ನಡುವೆ ಅದಲುಬದಲು ಮಾಡುತ್ತಾರೆ, ಕೇಳಿದ್ದೊಂದು, ಸಿಕ್ಕಿದ್ದೊಂದು ಆದವರು ಬಹಳ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಓದಿದ ಅಲ್ಲಿನ ಮಾಡ್ಲಿನ್ ಕಾಲೇಜಿನ ಹೆಸರನ್ನು ನಮ್ಮಲ್ಲಿ ಅರ್ಧ ಜನ ಇವತ್ತಿಗೂ ‘ಮ್ಯಾಗ್ಡಲೀನ್’ ಅಂತಲೇ ಓದುತ್ತಾರೆ.

ಇಷ್ಟೆಲ್ಲ ಆಗಿ ಆಫರ್ ಬಂದರೂ ಸೀಟು ಬಂದಂತಲ್ಲ. ಕೇಂಬ್ರಿಜ್ ಗಣಿತಕ್ಕೆ ಯಾವ ಕಾಲೇಜು ಆಫರ್ ಕೊಟ್ಟರೂ ಜೂನ್‌ನಲ್ಲಿ ಸ್ಟೆಪ್ ಅನ್ನುವ ಪರೀಕ್ಷೆ ಬರೆಯಬೇಕು; ಎರಡು ಪತ್ರಿಕೆ, ಸಾಮಾನ್ಯವಾಗಿ ಎರಡರಲ್ಲೂ ಗ್ರೇಡ್ 1 ಕೇಳುತ್ತಾರೆ. ಆಫರ್ ಕೈಯಲ್ಲಿ ಹಿಡಿದವರಲ್ಲಿ ಬಹಳ ಮಂದಿ ಉದುರುವುದು ಇಲ್ಲೇ. ನಮ್ಮ ಬೋರ್ಡ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವರಿಗೂ ಇದರ ಲೆಕ್ಕಗಳು ಮೊದಲ ಸಲ ಗೋಡೆಯಂತೆ ಕಾಣುತ್ತವೆ. ಹಳೆಯ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಕಾಲೇಜಿನ ಚರ್ಚೆಗೆ ಒಂದು ಭಾನುವಾರ ಕೊಡಿ, ಸಾಕು. ಉಳಿದ ಭಾನುವಾರಗಳನ್ನು ಸ್ಟೆಪ್‌ಗೆ ಬಿಡಿ.

ಕುಕ್ಕರ್ ಬಗ್ಗೆ ಕೇಳಿದ್ದಿರಿ. ರಾಮಾನುಜನ್ ಟ್ರಿನಿಟಿಯಲ್ಲಿ ತಮ್ಮ ಕೋಣೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು, ಆದರೆ ಆ ಕಾಲ ಹೋಯಿತು. ಈಗ ಕೋಣೆಯೊಳಗೆ ಅಡುಗೆ ಸಾಮಾನ್ಯವಾಗಿ ನಿಷಿದ್ಧ. ನಾಲ್ಕೈದು ಕೋಣೆಗಳಿಗೆ ಸೇರಿ ಒಂದು ಪುಟ್ಟ ಅಡುಗೆಮನೆ ಇರುತ್ತದೆ, ಅದಕ್ಕೆ ಜಿಪ್ ರೂಮ್ ಅನ್ನುತ್ತಾರೆ. ಹಳೆಯ ಕಟ್ಟಡಗಳಲ್ಲಿ ಅದರಲ್ಲಿ ಒಂದು ಸಿಂಕು, ಫ್ರಿಜ್ಜು, ಮೈಕ್ರೋವೇವ್ ಬಿಟ್ಟರೆ ಹೆಚ್ಚೇನೂ ಇರದು. ಹೊಸ ಕಟ್ಟಡಗಳಲ್ಲಿ ಒಲೆ, ಓವನ್ ಎಲ್ಲ ಇರಬಹುದು. ‘ಮೊದಲ ವರ್ಷದವರ ಜಿಪ್ ರೂಮಿನಲ್ಲಿ ಒಲೆ ಇದೆಯೆ?’ ಅನ್ನುವುದನ್ನು ಆ ಇಮೇಲ್‌ನಲ್ಲೇ ಸೇರಿಸಿ. ಬೇಳೆ, ಹುಣಸೆಹಣ್ಣು, ಕರಿಬೇವಿಗೆ ಮಿಲ್ ರೋಡ್‌ನಲ್ಲಿ ಅಂಗಡಿಗಳಿವೆ. ಒಲೆ ಇಂಡಕ್ಷನ್‌ದಾದರೆ ನಿಮ್ಮ ಮನೆಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ, ತಳ ಇಂಡಕ್ಷನ್‌ಗೆ ಆಗಿಬರುವ ಸ್ಟೀಲಿನದು ಬೇಕು. ಮೂರು ಲೀಟರಿನದು ಸಾಕು. ಆದರೆ ಈಗಲೇ ಕೊಳ್ಳಬೇಡಿ, ಆಗಸ್ಟ್‌ನಲ್ಲಿ ಸ್ಟೆಪ್ ಫಲಿತಾಂಶ ಬರಲಿ.